ಬೆಂಕಿ ಇಲ್ಲ, ಆದರೂ ಕೂಗುತ್ತೆ: ಮಲೆನಾಡಿನ ಮನೆಗಳಲ್ಲಿ ಸ್ಮೋಕ್ ಡಿಟೆಕ್ಟರ್ ದೋಷ ಹುಡುಕುವ ಬಗೆ

ಮಲೆನಾಡಿನ ಮನೆಗೂ ಸ್ಮೋಕ್ ಡಿಟೆಕ್ಟರಿಗೂ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಬೆಳಗಾದರೆ ಹಂಡೆ ಒಲೆ, ಸಂಜೆಯಾದರೆ ಧೂಪ, ಮಳೆಗಾಲ ಬಂತೆಂದರೆ ಮನೆಯೊಳಗೇ ಮಂಜು. ಆದರೂ ಈ ಬಿಳಿ ಡಬ್ಬಿ ಈಗ ಎಲ್ಲ ಕಡೆ ಕಾಣುತ್ತದೆ. ಆಗುಂಬೆ ಸುತ್ತಿನ ಹೋಂಸ್ಟೇಗಳಲ್ಲಿದೆ, ಶಿವಮೊಗ್ಗದ ಅಪಾರ್ಟ್‌ಮೆಂಟ್‌ಗಳಲ್ಲಿದೆ, ಮಗನೋ ಮಗಳೋ ಹೊರದೇಶದಿಂದ ಬರುವಾಗ ತಂದು ಹಾಕಿಹೋದ ಹಳ್ಳಿಮನೆಗಳಲ್ಲೂ ಇದೆ. ವೈರಿಂಗ್ ಕೆಲಸಕ್ಕೆಂದು ತೀರ್ಥಹಳ್ಳಿ, ಹೊಸನಗರದ ಕಡೆ ಹೋದಾಗ ಕೇಳಿಬರುವ ದೂರು ಹೆಚ್ಚುಕಮ್ಮಿ ಒಂದೇ.

"ಬೆಂಕಿ ಇಲ್ಲ, ಎಂತ ಇಲ್ಲ. ಸುಮ್ನೆ ಕೂಗ್ತದೆ ಮಾರಾಯ್ರೆ. ಬ್ಯಾಟರಿ ಕಿತ್ತಿಡ್ಲಾ?"

ಕಿತ್ತಿಡಬೇಡಿ. ಸುಮ್ನೆ ಕೂಗುವ ಡಿಟೆಕ್ಟರ್ ಬಹಳ ಕಡಿಮೆ. ಅದು ಏನನ್ನೋ ಕಂಡಿರುತ್ತದೆ, ಕಂಡದ್ದು ಬೆಂಕಿಯ ಹೊಗೆ ಅಲ್ಲ ಅಷ್ಟೇ. ಏನು ಕಂಡಿತು ಎನ್ನುವುದನ್ನು ಡಬ್ಬಿ ಬಿಚ್ಚುವುದಕ್ಕಿಂತ ಮೊದಲು ಗಡಿಯಾರ ಹೇಳುತ್ತದೆ. ಕೂಗಿದ ಹೊತ್ತು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸುಳ್ಳು ಎಂದು ತೀರ್ಮಾನಿಸುವ ಮೊದಲು

ಹತ್ತು ಸಲ ಸುಳ್ಳು ಕೂಗಿದ್ದು ಹನ್ನೊಂದನೇ ಸಲ ನಿಜ ಹೇಳಬಹುದು. ಹಾಗಾಗಿ ಪ್ರತಿ ಸಲವೂ ಮನೆ ಒಂದು ಸುತ್ತು ನೋಡಿ. ಅಡುಗೆಮನೆ ಮಾತ್ರ ನೋಡಿ ಬಂದರೆ ಸಾಲದು. ಇನ್ವರ್ಟರ್ ಮತ್ತು ಅದರ ಬ್ಯಾಟರಿ, ಫ್ರಿಜ್ಜಿನ ಹಿಂಬದಿ, ಮೀಟರ್ ಬೋರ್ಡು, ಅಟ್ಟ, ಇಷ್ಟೂ ನೋಡಬೇಕು. ಹಳೇ ಮನೆಯ ಅಟ್ಟದಲ್ಲಿ ಒಣ ಅಡಿಕೆ ಚೀಲ, ತೆಂಗಿನ ಸಿಪ್ಪೆ, ಹಳೇ ವೈರು ಎಲ್ಲ ಒಟ್ಟಿಗೇ ಇರುತ್ತವೆ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಹುಡುಕಾಟ ಸಾಕು. ಕೈಗೆ ಸಿಗುವಂತಿದ್ದರೆ ಮೇನ್ ಸ್ವಿಚ್ ಇಳಿಸಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 101 ಅಥವಾ 112ಕ್ಕೆ ಫೋನ್ ಮಾಡಿ.

ಹೊಗೆಯೂ ಇಲ್ಲ, ವಾಸನೆಯೂ ಇಲ್ಲ ಅಂದರೆ ಮಾತ್ರ ಮುಂದೆ ಓದಿ.

ಯಾವ ದನಿ ಎಂದು ಕೇಳಿಸಿಕೊಳ್ಳಿ

"ಕೂಗ್ತದೆ" ಎಂದು ಜನ ಹೇಳುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಕಿವಿ ಕಿತ್ತುಹೋಗುವ ಹಾಗೆ ಮೂರು ಬೀಪ್, ಸ್ವಲ್ಪ ತಡೆ, ಮತ್ತೆ ಮೂರು ಬೀಪ್. ಇದು ಹೊಗೆಯ ಅಲಾರಂ. ಮೂರು ಮೀಟರ್ ದೂರದಲ್ಲಿ ನಿಂತರೂ 85 ಡೆಸಿಬಲ್ ಆಸುಪಾಸು ಇರುತ್ತದೆ. ಇನ್ನೊಂದು, ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಂದು ಸಲ 'ಚಿಂವ್' ಎನ್ನುವುದು. ಇದು ಅಲಾರಂ ಅಲ್ಲವೇ ಅಲ್ಲ. ಬ್ಯಾಟರಿ ಮುಗಿಯುತ್ತಿದೆ, ಇಲ್ಲವೇ ನನ್ನ ಆಯುಷ್ಯ ಮುಗಿಯಿತು ಎಂದು ಅದು ತಿಳಿಸುತ್ತಿದೆ.

ಈ ಚಿಂವ್ ಯಾಕೋ ಬೆಳಗಿನ ಜಾವವೇ ಶುರುವಾಗುತ್ತದೆ. ದೆವ್ವದ ಕಾಟ ಏನಲ್ಲ. ಚಳಿಗೆ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ವೋಲ್ಟೇಜ್ ಕೆಳಗಿಳಿಯುತ್ತದೆ. ಡಿಸೆಂಬರ್, ಜನವರಿಯ ನಾಲ್ಕು ಗಂಟೆಯ ಚಳಿಗೆ ಗಡಿ ದಾಟಿದ್ದು, ಬಿಸಿಲು ಬಂದ ಮೇಲೆ ಮತ್ತೆ ಸರಿಯಾಗಿ ಸುಮ್ಮನಾಗುತ್ತದೆ. ಹಗಲು ಸುಮ್ಮನಿದೆಯಲ್ಲ ಎಂದು ಬಿಟ್ಟರೆ ಮರುರಾತ್ರಿ ಮತ್ತೆ ಅದೇ ಕಥೆ. 9 ವೋಲ್ಟಿನ ಚೌಕದ ಬ್ಯಾಟರಿ ಹಾಕುವ ಮಾದರಿಯಾದರೆ ಅಂಗಡಿಯಲ್ಲಿ ಆಲ್ಕಲೈನ್ ಎಂದು ಕೇಳಿ ತನ್ನಿ. ಅಗ್ಗದ್ದು ಸಾಮಾನ್ಯವಾಗಿ ಜಿಂಕ್ ಕಾರ್ಬನ್, ಬೇಗ ಸಾಯುತ್ತದೆ. ಚಾರ್ಜ್ ಮಾಡುವ ಬ್ಯಾಟರಿಯೂ ಬೇಡ.

ಹೊಸ ಬ್ಯಾಟರಿ ಹಾಕಿದ ಮೇಲೂ ಚಿಂವ್ ನಿಲ್ಲದಿದ್ದರೆ ಅದನ್ನು ಮತ್ತೆ ತೆಗೆದು, ಟೆಸ್ಟ್ ಬಟನ್ ಕಾಲು ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿದುಹೋಗುತ್ತದೆ. ಕನೆಕ್ಟರ್ ನೋಡಿ, ನಮ್ಮ ಕಡೆಯ ತೇವಕ್ಕೆ ಅಲ್ಲಿ ಹಸಿರು ಇಲ್ಲವೇ ಬಿಳಿ ಪುಡಿ ಕಟ್ಟಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಹೋಗುತ್ತದೆ. ಅದಕ್ಕೂ ಜಗ್ಗದಿದ್ದರೆ ಹಿಂಬದಿಯ ತಯಾರಿಕೆ ದಿನಾಂಕ ನೋಡಿ. 10 ವರ್ಷ ದಾಟಿದ್ದರೆ ಅದಕ್ಕೆ ಇನ್ನು ರಿಪೇರಿ ಇಲ್ಲ.

ಇಲ್ಲಿಂದ ಮುಂದೆ ಹೇಳುವುದೆಲ್ಲ ಮೂರು ಬೀಪಿನ ಅಲಾರಂ ಬಗ್ಗೆ.

ಅದು ಹೊಗೆಯನ್ನು ನೋಡುವುದು ಹೇಗೆ

ಹಂಚಿನ ಮನೆಯ ಗಾಜಿನ ಹಂಚಿನಿಂದ ಬಿಸಿಲು ಕೋಲಿನ ಹಾಗೆ ಇಳಿಯುತ್ತದಲ್ಲ, ಒಲೆಯ ಹೊಗೆ ಅದಕ್ಕೆ ಅಡ್ಡ ಬಂದಾಗ ಮಾತ್ರ ಆ ಕೋಲು ಬೆಳ್ಳಗೆ ಕಾಣುತ್ತದೆ. ಈಗ ಮಾರಾಟದಲ್ಲಿರುವ ಹೆಚ್ಚಿನ ಡಿಟೆಕ್ಟರ್‌ಗಳ ಕೆಲಸ ಅಷ್ಟೇ. ಕಪ್ಪು ಗೂಡಿನೊಳಗೆ ಒಂದು ಎಲ್‌ಇಡಿ, ಅದರ ಬೆಳಕು ನೇರ ಬೀಳದ ಕೋನದಲ್ಲಿ ಒಂದು ಸೆನ್ಸರ್. ಗೂಡು ಖಾಲಿ ಇದ್ದರೆ ಸೆನ್ಸರಿಗೆ ಕತ್ತಲೆ. ಕಣಗಳು ನುಗ್ಗಿದರೆ ಬೆಳಕು ಚದುರಿ ಸೆನ್ಸರಿಗೆ ಬೀಳುತ್ತದೆ, ಅಲಾರಂ ಹೊಡೆಯುತ್ತದೆ. ಆ ಕಣ ಹೊಗೆಯದೋ, ಇಬ್ಬನಿಯದೋ, ಕಡುಬಿನ ಆವಿಯದೋ, ಜೇಡದ ಕಾಲೋ, ಅದಕ್ಕೆ ಗೊತ್ತಾಗುವುದಿಲ್ಲ. ಇವನ್ನು ಫೋಟೋಎಲೆಕ್ಟ್ರಿಕ್ ಅಥವಾ ಆಪ್ಟಿಕಲ್ ಎನ್ನುತ್ತಾರೆ.

ಇನ್ನೊಂದು ಜಾತಿ ಅಯಾನೀಕರಣದ್ದು. ಅಮೆರಿಕದಿಂದ ಬಂದ ಹಳೆಯ ಡಬ್ಬಿಗಳಲ್ಲಿ ಇದು ಜಾಸ್ತಿ. ಒಳಗೆ ಅಮೆರಿಷಿಯಂ 241 ಎಂಬ ವಿಕಿರಣ ವಸ್ತು ಚೂರೇ ಚೂರು ಇರುತ್ತದೆ, ಹಿಂಬದಿಯ ಲೇಬಲ್ಲಿನಲ್ಲಿ ಬರೆದಿರುತ್ತಾರೆ. ಗೋಡೆಯ ಮೇಲೆ ಇರುವಷ್ಟು ದಿನ ಅಪಾಯವಿಲ್ಲ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಗೇ ಇದು ಎಚ್ಚರಾಗುತ್ತದೆ. ಕಾದ ಎಣ್ಣೆ, ಸೀದ ರೊಟ್ಟಿ ಇದಕ್ಕೆ ಆಗುವುದೇ ಇಲ್ಲ. ಅಡುಗೆಮನೆಯ ಹತ್ತಿರ ಇದಿದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಫೋಟೋಎಲೆಕ್ಟ್ರಿಕ್ ತಂದು ಬದಲಿಸಿ.

ಅಮೆರಿಕದ್ದು ಎಂದಾಗ ಇನ್ನೊಂದು ಮಾತು. ಅಲ್ಲಿನ ವೈರ್ ಜೋಡಿಸುವ ಮಾದರಿಗಳು 120 ವೋಲ್ಟಿನವು. ನಮ್ಮ 230 ವೋಲ್ಟಿಗೆ ಕೊಟ್ಟರೆ ಸುಡುತ್ತವೆ. ಬರೀ ಬ್ಯಾಟರಿಯದ್ದಾದರೆ ತೊಂದರೆಯಿಲ್ಲ.

ಹೊತ್ತು ಬರೆದಿಡಿ

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ವಾ, ಅದರಲ್ಲೇ ಬರೆಯಿರಿ. ಎಷ್ಟು ಗಂಟೆಗೆ ಕೂಗಿತು, ಆಗ ಮಳೆ ಇತ್ತಾ, ಒಲೆ ಉರಿಯುತ್ತಿತ್ತಾ, ಕರೆಂಟ್ ಹೋಗಿ ಬಂದಿತ್ತಾ. ಒಂದಕ್ಕಿಂತ ಹೆಚ್ಚು ಡಿಟೆಕ್ಟರ್‌ಗಳನ್ನು ಒಂದಕ್ಕೊಂದು ಜೋಡಿಸಿದ್ದರೆ ಒಂದು ಕೂಗಿದಾಗ ಎಲ್ಲವೂ ಕೂಗುತ್ತವೆ. ಮೊದಲು ಕೂಗಿದ್ದರ ಕೆಂಪು ದೀಪ ಬೇರೆಯವಕ್ಕಿಂತ ಬೇಗ ಬೇಗ ಮಿನುಗುವುದು ಹೆಚ್ಚಿನ ಮಾದರಿಗಳ ರೂಢಿ. ಯಾವುದು ಎಂದು ಅದನ್ನೂ ಗುರುತು ಹಾಕಿ. ಕೂಡಲೇ ಹಶ್ ಬಟನ್ (ಸದ್ದು ಅಡಗಿಸುವ ಗುಂಡಿ) ಒತ್ತಿಬಿಟ್ಟರೆ ಈ ಸುಳಿವು ಸಿಗುವುದಿಲ್ಲ.

ಬರೆದಿಟ್ಟದ್ದು ಸ್ವಲ್ಪ ಕೂಡಿದ ಮೇಲೆ ಒಂದು ನಮೂನೆ ಕಾಣಿಸುತ್ತದೆ.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಎಂದಾದರೆ ಮೊದಲ ಅನುಮಾನ ಬಚ್ಚಲ ಒಲೆಯ ಮೇಲೆ. ಆಗುಂಬೆ ಹತ್ತಿರದ ಒಂದು ಹೋಂಸ್ಟೇಯಲ್ಲಿ ಅತಿಥಿಗಳ ಕೋಣೆಯ ಡಿಟೆಕ್ಟರ್ ಐದೂವರೆ ಆಸುಪಾಸಿಗೆ ಕೂಗುತ್ತಿತ್ತು. ಬಚ್ಚಲು ಮನೆಯ ಆ ತುದಿಯಲ್ಲಿ, ಕೋಣೆ ಈ ತುದಿಯಲ್ಲಿ, ನಡುವೆ ಜಗಲಿ ಬೇರೆ. ಯಜಮಾನರು "ಅಲ್ಲಿಂದ ಇಲ್ಲಿಗೆ ಹೊಗೆ ಬರ್ಲಿಕ್ಕೆ ಸಾಧ್ಯವೇ ಇಲ್ಲ" ಎಂದು ಪಟ್ಟು ಹಿಡಿದಿದ್ದರು. ಏಣಿ ಹಾಕಿ ಹತ್ತಿ ನೋಡಿದರೆ ಉತ್ತರ ಅಲ್ಲೇ ಇತ್ತು. ಹಳೇ ಹಂಚಿನ ಮನೆಗಳಲ್ಲಿ ಒಳಗೋಡೆಗಳು ಮಾಡಿನವರೆಗೆ ಹೋಗುವುದಿಲ್ಲ. ಗೋಡೆಯ ತಲೆ ಒಂದು ಎತ್ತರಕ್ಕೆ ನಿಲ್ಲುತ್ತದೆ, ಅದರ ಮೇಲೆ ಇಡೀ ಮನೆಗೆ ಒಂದೇ ಮಾಡು. ಬಚ್ಚಲಲ್ಲಿ ಎದ್ದ ಹೊಗೆ ಮೇಲೇರಿ, ಜಂತಿಗಳ ನಡುವೆ ಹರಿದು, ಕೋಣೆಯ ಮರದ ಸೀಲಿಂಗಿನ ಸಂದಿಯಿಂದ ಇಳಿಯುತ್ತಿತ್ತು. ಜಂತಿಯ ಮೇಲಿನ ಮಸಿ ದಾರಿಯನ್ನೇ ಗೆರೆ ಎಳೆದು ತೋರಿಸುತ್ತಿತ್ತು. ಸೌದೆ ಹಸಿ ಇದ್ದ ದಿನ ಕೂಗುತ್ತಿತ್ತು, ಒಣಗಿದ್ದ ದಿನ ಇಲ್ಲ. ಸೀಲಿಂಗಿನ ಸಂದಿ ಮುಚ್ಚಿಸಿ, ಬಚ್ಚಲಿಗೆ ಹೊಗೆ ಕೊಳವೆ ಹಾಕಿಸಿದ ಮೇಲೆ ನಿಂತಿತು. ಡಿಟೆಕ್ಟರಿನದ್ದು ಏನೂ ತಪ್ಪಿರಲಿಲ್ಲ.

ಅಡಿಕೆ ಸುಗ್ಗಿಯಲ್ಲೂ ಹೀಗೇ. ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ ರಾತ್ರಿವರೆಗೆ ಉರಿಯುತ್ತದೆ. ಗಾಳಿ ಮನೆಯ ಕಡೆ ತಿರುಗಿದ ದಿನ ಹೊಗೆಯೂ ಆವಿಯೂ ಸೇರಿ ಒಳಗೆ ಬರುತ್ತವೆ. ಆ ಬದಿಯ ಕಿಟಕಿ ಮುಚ್ಚುವುದೇ ಪರಿಹಾರ.

ಮಳೆಗಾಲದ ತೊಂದರೆ

ಮಲೆನಾಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಸತಾಯಿಸುವುದು ತೇವ. ಹೆಚ್ಚಿನ ಡಿಟೆಕ್ಟರ್‌ಗಳ ಕೈಪಿಡಿಯಲ್ಲಿ ಶೇಕಡ 93ರಿಂದ 95ರ ತೇವಾಂಶದವರೆಗೆ ನಡೆಯುತ್ತದೆ, ಆದರೆ ನೀರು ಹನಿಗಟ್ಟಬಾರದು ಎಂದಿರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಈ ಷರತ್ತಿಗೆ ಏನು ಬೆಲೆ? ಮಂಜು ಕಿಟಕಿಯಿಂದ ನೇರ ಒಳಗೆ ಬರುತ್ತದೆ. ಅದರ ಹನಿಗಳು ಬೆಳಕನ್ನು ಹೊಗೆಯ ಹಾಗೇ ಚದುರಿಸುತ್ತವೆ.

ಗುರುತಿಸುವುದು ಸುಲಭ. ಮಳೆ ಹಿಡಿದ ದಿನ, ಅದರಲ್ಲೂ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಕೂಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ಹೊಳವಾದ ವಾರದಲ್ಲಿ ಒಂದು ಸಲವೂ ಇಲ್ಲ.

ಡಿಟೆಕ್ಟರನ್ನು ತಿರುಗಿಸಿ ಕಳಚಿ. ವೈರ್ ಇರುವುದಾದರೆ ಮೊದಲು ಅದರ ಎಂಸಿಬಿ, ಅಂದರೆ ಬೋರ್ಡಿನಲ್ಲಿ ಆ ಲೈನಿನ ಸ್ವಿಚ್, ಇಳಿಸಬೇಕು. ನಂತರ ಬ್ಯಾಟರಿ ತೆಗೆದು, ಬೆಚ್ಚಗಿನ ಒಣ ಜಾಗದಲ್ಲಿ ಒಂದು ದಿನ ಇಡಿ. ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಇಡಬೇಡಿ, ಮಸಿ ಕುಡಿದು ಇನ್ನೂ ಹಾಳಾಗುತ್ತದೆ. ಬಿಸಿ ಗಾಳಿಯನ್ನೂ ಬಿಡಬೇಡಿ.

ಡಿಟೆಕ್ಟರ್ ಕಳಚಿದಾಗ ಅದರ ಹಿಂದಿನ ತೂತನ್ನು ನೋಡುವವರು ಕಡಿಮೆ. ವೈರ್ ಬರುವ ಕಾಂಡ್ಯೂಟ್ ಪೈಪ್ ಮಾಡಿನ ತಂಪು ಗಾಳಿಯನ್ನು ಸೀದಾ ಡಬ್ಬಿಯೊಳಗೆ ಊದುತ್ತಿರುತ್ತದೆ. ತಂಪು ಗಾಳಿ ಕೋಣೆಯ ಬೆಚ್ಚನೆಯ ಗಾಳಿಗೆ ಸೇರಿದ ಜಾಗದಲ್ಲಿ ಹನಿ ಕಟ್ಟುತ್ತದೆ. ಆ ಜಾಗ ಯಾವುದು? ನಮ್ಮ ಸೆನ್ಸರಿನ ಗೂಡು! ತೂತಿನ ಬಾಯಿಗೆ ಸಿಲಿಕೋನ್ ಹಾಕಿ ಮುಚ್ಚಿ. ಖರ್ಚು ಏನೂ ಇಲ್ಲ, ಆದರೆ ಬರೀ ಇಷ್ಟಕ್ಕೇ ಎಷ್ಟೋ ಮನೆಗಳ ಮಳೆಗಾಲದ ಕಾಟ ಮುಗಿಯುತ್ತದೆ. ಹುಳ ಬರುವ ದಾರಿಯೂ ಅದೇ, ಅದೂ ಮುಚ್ಚಿಹೋಗುತ್ತದೆ.

ಬಚ್ಚಲ ಬಾಗಿಲಿನ ಎದುರು ಡಿಟೆಕ್ಟರ್ ಇದ್ದರೆ ಅದನ್ನು ಕನಿಷ್ಠ ಒಂದು ಮೀಟರ್ ಆಚೆ ಸರಿಸಿ. ಸ್ನಾನ ಮುಗಿಸಿ ಬಾಗಿಲು ತೆರೆದಾಗ ಬರುವ ಬಿಸಿ ಆವಿ ಸಾಕು ಅದಕ್ಕೆ. ಬರೀ ಹಂಚಿನ ಮಾಡು, ಕೆಳಗೆ ಸೀಲಿಂಗ್ ಇಲ್ಲ ಎನ್ನುವ ಜಗಲಿಗೆ ಡಿಟೆಕ್ಟರ್ ಹಾಕುವುದೇ ದಂಡ ಎನ್ನುವುದು ನನ್ನ ಅಭಿಪ್ರಾಯ. ಹೊಗೆ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ, ಮಂಜು ಅದೇ ಸಂದಿಯಲ್ಲಿ ಒಳಗೆ ಬರುತ್ತದೆ. ಮಲಗುವ ಕೋಣೆಗೆ ಹಾಕಿ.

ಹುಳ, ಜೇಡ, ಧೂಳು

ಹೊತ್ತು ಗೊತ್ತಿಲ್ಲ, ನಮೂನೆ ಇಲ್ಲ, ನಡುರಾತ್ರಿ ಒಮ್ಮೆ ಕೂಗಿ ಅರ್ಧ ನಿಮಿಷದಲ್ಲಿ ನಿಂತಿತು. ಇದು ಹುಳದ ಕೆಲಸ. ಡಬ್ಬಿಯ ಸುತ್ತ ಜಾಲರಿ ಇದ್ದರೂ ಸಣ್ಣ ಜೇಡ, ಪುಸ್ತಕದ ಹುಳದಂಥವು ನುಸುಳುತ್ತವೆ. ಟಾರ್ಚ್ ಅನ್ನು ಓರೆಯಾಗಿ ಹಿಡಿದು ಜಾಲರಿಯ ಒಳಗೆ ನೋಡಿ. ಒಂದೇ ಒಂದು ಎಳೆ ಬಲೆ ಅಡ್ಡ ಹಾಯ್ದು, ಅದರ ಮೇಲೆ ಧೂಳಿನ ಕಣಗಳು ಮಣಿ ಪೋಣಿಸಿದಂತೆ ಕೂತಿರುವುದು ಕಾಣಬಹುದು. ಫ್ಯಾನ್ ಹಾಕಿದಾಗ ಆ ಎಳೆ ಅಲುಗುತ್ತದೆ, ಬೆಳಕಿಗೆ ಅಡ್ಡ ಬರುತ್ತದೆ, ಕೂಗುತ್ತದೆ. ಫ್ಯಾನ್ ರೆಕ್ಕೆಯ ತುದಿಯಿಂದ ಒಂದು ಮೀಟರ್ ದೂರ ಇರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಟ್ಯೂಬ್‌ಲೈಟಿನ ಪಕ್ಕವೂ ಬೇಡ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಹುಳ, ಅವನ್ನು ತಿನ್ನಲು ಬರುವ ಹಲ್ಲಿ ಎಲ್ಲವಕ್ಕೂ ಅದೇ ತಾಣ.

ಶುಚಿ ಮಾಡುವುದಕ್ಕೆ ಮೆತ್ತನೆಯ ಒಣ ಬ್ರಷ್, ಇಲ್ಲವೇ ವ್ಯಾಕ್ಯೂಮ್ ಕ್ಲೀನರಿನ ಬ್ರಷ್ ತುದಿ ಸಾಕು. ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ. ಒದ್ದೆ ಬಟ್ಟೆ, ಸ್ಪಿರಿಟ್ ಬೇಡ. ಹುಳ ಸಾಯಲಿ ಎಂದು ಜಿರಲೆಯ ಸ್ಪ್ರೇ ಹೊಡೆಯುವವರಿದ್ದಾರೆ. ಸ್ಪ್ರೇಯ ಹನಿಗೇ ಅದು ಕೂಗುತ್ತದೆ, ಅಲ್ಲದೆ ಒಳಗೆ ಜಿಡ್ಡು ಅಂಟಿ ಶಾಶ್ವತವಾಗಿ ಕೆಡುತ್ತದೆ. ದೀಪಾವಳಿ ಹತ್ತಿರ ಬಲೆ ತೆಗೆಯುವಾಗ ಇದನ್ನೂ ಒರೆಸಿಬಿಡಿ. ಸುಣ್ಣ ಬಣ್ಣ ಹೊಡೆಸುವಾಗ, ನೆಲ ಉಜ್ಜಿಸುವಾಗ ಮಾತ್ರ ಕಳಚಿ ಬೇರೆ ಕಡೆ ಇಡಿ.

ಅಡುಗೆ, ಧೂಪ, ಹೋಮ

ಒಗ್ಗರಣೆಗೆ ಕೂಗಿದರೆ ಅಡುಗೆ ಮಾಡುವವರದ್ದು ತಪ್ಪಲ್ಲ, ಹಾಕಿದವರದ್ದು. ಒಲೆಯಿಂದ ಮೂರು ಮೀಟರ್ ಆದರೂ ದೂರ ಇರಲಿ. ಅಡುಗೆಮನೆಗೇ ಬೇಕು ಎಂದರೆ ಹೀಟ್ ಡಿಟೆಕ್ಟರ್ ಹಾಕಿಸಿ. ಅದು ಹೊಗೆ ನೋಡುವುದಿಲ್ಲ, 57 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಗೆ ಎಚ್ಚರಾಗುತ್ತದೆ. ಮೆಣಸಿನಕಾಯಿ ಹುರಿಯಿರಿ, ಅಕ್ಕಿರೊಟ್ಟಿ ಸೀಯಿಸಿ, ಅದಕ್ಕೆ ಲೆಕ್ಕವಿಲ್ಲ. ಆದರೆ ಹೊಗೆ ಡಿಟೆಕ್ಟರಿಗಿಂತ ನಿಧಾನ. ಹಾಗಾಗಿ ಮಲಗುವ ಕೋಣೆಗೆ ಇದು ಬದಲಿ ಅಲ್ಲ.

ಸಂಜೆ ಆರೂವರೆಗೆ ತಪ್ಪದೇ ಕೂಗಿದರೆ ದೇವರ ಕೋಣೆ ನೋಡಿ. ಊದುಬತ್ತಿಗೆ ಕೂಗುವುದು ಅಪರೂಪ, ಲೋಬಾನಕ್ಕೆ ಖಂಡಿತ ಕೂಗುತ್ತದೆ. ಮಂಚದ ಕೆಳಗೆ ಹಚ್ಚಿಟ್ಟ ಸೊಳ್ಳೆಬತ್ತಿಯೂ ಮುಚ್ಚಿದ ಕೋಣೆಯಲ್ಲಿ ರಾತ್ರಿ ಕಳೆದಂತೆ ಸಾಕಷ್ಟು ಹೊಗೆ ತುಂಬುತ್ತದೆ. ಇಂಥದಕ್ಕೆ ಹಶ್ ಬಟನ್ ಇದೆ. ಒತ್ತಿದರೆ ಎಂಟು ಹತ್ತು ನಿಮಿಷ ಅದರ ಚುರುಕು ತಗ್ಗುತ್ತದೆ, ಆಮೇಲೆ ತಾನೇ ಮೊದಲಿನಂತಾಗುತ್ತದೆ.

ಗಣಹೋಮಕ್ಕೆ ಹಶ್ ಸಾಲುವುದಿಲ್ಲ. ಆ ಹೊತ್ತಿಗೆ ಕಳಚಿಡುವುದೇ ವಾಸಿ. ಮನೆ ತುಂಬ ಜನ ಎಚ್ಚರವಾಗಿ ಬೆಂಕಿಯ ಎದುರೇ ಕೂತಿರುತ್ತಾರಲ್ವಾ. ಕಳಚಿದ್ದನ್ನು ಮಾತ್ರ ಕಪಾಟಿನಲ್ಲಿಡಬೇಡಿ, ರಾತ್ರಿ ಮಲಗುವವರ ದಿಂಬಿನ ಮೇಲಿಡಿ. ಕಪಾಟು ಸೇರಿದ್ದು ಮತ್ತೆ ಗೋಡೆ ಹತ್ತಿದ್ದನ್ನು ನಾನಂತೂ ಕಂಡಿಲ್ಲ.

ಡಬ್ಬಿಯ ತಪ್ಪೋ, ಜಾಗದ ತಪ್ಪೋ

ಇಷ್ಟಾದರೂ ಗೊತ್ತಾಗದಿದ್ದರೆ ಒಂದು ಉಪಾಯ ಇದೆ. ಒಂದೇ ಮಾದರಿಯ ಎರಡು ಡಿಟೆಕ್ಟರ್ ಇದ್ದರೆ ಜಾಗ ಅದಲುಬದಲು ಮಾಡಿ. ಕೂಗುವ ಚಾಳಿ ಡಬ್ಬಿಯ ಜೊತೆಗೇ ಹೋದರೆ ಡಬ್ಬಿ ಕೆಟ್ಟಿದೆ. ಅದೇ ಜಾಗದಲ್ಲಿ ಉಳಿದರೆ ತೊಂದರೆ ಜಾಗದ್ದು, ಹೊಸ ಡಿಟೆಕ್ಟರಿಗೆ ದುಡ್ಡು ಸುರಿದರೂ ಅದೂ ಕೂಗುತ್ತದೆ. ಅಂಗಡಿಯವರು ಈ ಪರೀಕ್ಷೆ ಹೇಳುವುದಿಲ್ಲ.

ಕರೆಂಟ್ ಹೋಗಿ ಬಂದಾಗ ಮಾತ್ರ ಕೂಗುವುದಾದರೆ ವೈರ್ ಇರುವ ಮಾದರಿಯ ಒಳಗಿನ ಬ್ಯಾಕಪ್ ಬ್ಯಾಟರಿ ಸತ್ತಿದೆ, ಇಲ್ಲವೇ ಹಿಂಬದಿಯ ಪ್ಲಗ್ ಸಡಿಲವಾಗಿದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮರುದಿನದಿಂದ ಶುರುವಾದದ್ದಾದರೆ ಸಿಡಿಲಿಗೆ ಒಳಗಿನ ಸರ್ಕ್ಯೂಟ್ ಪೆಟ್ಟು ತಿಂದಿದೆ ಎಂದೇ ತಿಳಿಯಿರಿ. ಶುಚಿ ಮಾಡಿ ಒಣಗಿಸಿದ ಮೇಲೂ ನಿಲ್ಲದಿದ್ದರೆ ಬದಲಿಸುವುದೊಂದೇ ದಾರಿ.

ಮೂರಲ್ಲ, ನಾಲ್ಕು ಬೀಪ್ ಬಂದರೆ

ಕೆಲವು ಡಿಟೆಕ್ಟರ್‌ಗಳಲ್ಲಿ ಹೊಗೆಯ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಹಿಡಿಯುವ ಸೆನ್ಸರ್ ಕೂಡ ಇರುತ್ತದೆ. ಅದರ ಅಲಾರಂ ನಾಲ್ಕು ಬೀಪ್, ತಡೆ, ಮತ್ತೆ ನಾಲ್ಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಮೂಗಿಗೆ ವಾಸನೆ ಇಲ್ಲ, ಹಾಗಾಗಿ ಇದನ್ನೇ ಜನ ಸುಳ್ಳು ಎಂದುಕೊಳ್ಳುವುದು ಜಾಸ್ತಿ. ಮಳೆಗಾಲದಲ್ಲಿ ಬಟ್ಟೆ ಒಣಗಲಿ ಎಂದೋ, ಬಾಣಂತಿ ಕೋಣೆ ಬೆಚ್ಚಗಿರಲಿ ಎಂದೋ ಕಿಟಕಿ ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುತ್ತಾರಲ್ಲ, ಅಲ್ಲಿ ಬರುವುದು ಈ ಅನಿಲ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿನಿಂದಲೂ ಬರುತ್ತದೆ. ಕೆಂಡ ಕೆಂಪಗೆ ನಿಗಿನಿಗಿ ಇದ್ದು ಹೊಗೆಯೇ ಇಲ್ಲದಿದ್ದರೂ ಅನಿಲ ಇರುತ್ತದೆ, ಬರೀ ಸ್ಮೋಕ್ ಡಿಟೆಕ್ಟರ್ ಅದನ್ನು ಹಿಡಿಯುವುದೇ ಇಲ್ಲ. ನಾಲ್ಕು ಬೀಪ್ ಬಂದರೆ ಯಾಕೆ ಏನು ಎಂದು ಹುಡುಕುತ್ತಾ ನಿಲ್ಲಬೇಡಿ. ಎಲ್ಲರೂ ಹೊರಗೆ ಬನ್ನಿ, ಹೋಗುತ್ತಾ ಬಾಗಿಲು ಕಿಟಕಿ ತೆರೆದಿಡಿ. ಯಾರಿಗಾದರೂ ತಲೆ ಸುತ್ತು, ವಾಕರಿಕೆ ಇದ್ದರೆ ಆಸ್ಪತ್ರೆಗೆ ಹೋಗಿ.

ಬದಲಿಸುವಾಗ

ಹಳೆಯದು ಅಯಾನೀಕರಣದ್ದಾದರೆ ಬಿಚ್ಚಿ ನೋಡುವುದು, ಒಡೆಯುವುದು, ಕಸದ ಜೊತೆ ಸುಡುವುದು ಬೇಡ. ಅಮೆರಿಷಿಯಂ 241 ಅರ್ಧಕ್ಕೆ ಇಳಿಯಲು 432 ವರ್ಷ ಬೇಕು. ಇಡಿಯಾಗಿ ಎತ್ತಿಟ್ಟು, ತಂದುಕೊಟ್ಟವರು ಮುಂದಿನ ಸಲ ಬಂದಾಗ ತಯಾರಕರಿಗೆ ವಾಪಸ್ ಮಾಡುವ ದಾರಿ ಇದೆಯೇ ಎಂದು ಕೇಳಿ.

ಹೊಸದನ್ನು ಗೋಡೆಯಿಂದ ಒಂದಡಿಯಷ್ಟು ಈಚೆಗೆ, ಸೀಲಿಂಗಿನ ನಡುಭಾಗದತ್ತ ಹಾಕಿ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಪರೀಕ್ಷೆಗೆಂದು ಕೆಳಗೆ ಊದುಬತ್ತಿ ಹಿಡಿಯುವ ಅಭ್ಯಾಸ ಬಿಡಿ, ಮಸಿ ಒಳಗೇ ಕೂರುತ್ತದೆ. 10 ವರ್ಷದ ಲೆಕ್ಕ ಕೊಂಡ ದಿನದಿಂದ ಅಲ್ಲ, ತಯಾರಾದ ದಿನದಿಂದ. ಆ ತಿಂಗಳು, ವರ್ಷವನ್ನು ಹಾಕುವ ಮೊದಲೇ ಡಬ್ಬಿಯ ಬದಿಯಲ್ಲಿ ಮಾರ್ಕರ್‌ನಿಂದ ದಪ್ಪಗೆ ಬರೆಯಿರಿ. ಕೆಳಗೆ ನಿಂತೇ ಓದಬಹುದು, ಪ್ರತಿ ಸಲ ಏಣಿ ತರುವ ಕೆಲಸ ತಪ್ಪುತ್ತದೆ.